ಮೂವತ್ತಾರಕ್ಕೆ ಒಂದು ಕೋಟಿ ಇಪ್ಪತ್ಮೂರು ಲಕ್ಷ

ಕಂಪ್ಯೂಟರ್ ನಾವು ಹೇಳಿದ್ದನ್ನಷ್ಟೇ ಮಾಡುತ್ತದೆ, ತಾನಾಗಿ ಏನೂ ಮಾಡುವುದಿಲ್ಲ ಎಂದು ಎಲ್ಲ ಪುಸ್ತಕಗಳಲ್ಲೂ ಬರೆದಿರುತ್ತದೆ. ಆ ಪುಸ್ತಕ ಬರೆದವರು ಯಾರೂ ಚಿಕ್ಕಬಳ್ಳಾಪುರದಲ್ಲಿ ಅಂಗಡಿ ಇಟ್ಟವರಲ್ಲ. ನಾನು ಇಟ್ಟಿದ್ದೆ. ವಾರಕ್ಕೊಂದು ಸಲವಾದರೂ ನಮ್ಮ ಕಂಪ್ಯೂಟರ್ ಯಾರೂ ಹೇಳದ್ದನ್ನು ಮಾಡುತ್ತಿತ್ತು, ಮತ್ತು ಬೈಗುಳ ನನಗೆ ಬೀಳುತ್ತಿತ್ತು.

ಎಂಬತ್ತರ ದಶಕದಲ್ಲಿ ನನ್ನದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆ, ಬೀಜ-ಗೊಬ್ಬರದ ಅಂಗಡಿಯ ಮಹಡಿ. ಹನ್ನೆರಡು ಯಂತ್ರ, ಒಂದು ಗೋಡೆ ಗಡಿಯಾರ, ಒಂದು ಕೆಂಪು ಪೆನ್ಸಿಲ್. ಹಾಳೆಯಲ್ಲಿ ಒಂದೇ ಒಂದು ತಪ್ಪಿದ್ದರೂ ಕೆಂಪು ಸುತ್ತು ಹಾಕಿ ವಾಪಸ್ ಕೊಡುತ್ತಿದ್ದೆ. ಬಲಗಡೆಯ ಮಾರ್ಜಿನ್ ದಾಟಿದರೆ ಎರಡು ಸುತ್ತು. ಶಿಡ್ಲಘಟ್ಟದಿಂದ ಚಿಂತಾಮಣಿವರೆಗೆ ಕಚೇರಿಗಳಲ್ಲಿ ಕೂತ ಗುಮಾಸ್ತರಲ್ಲಿ ಅರ್ಧ ಜನ ನನ್ನಿಂದ ಬೈಸಿಕೊಂಡವರೇ. ಆ ಹೆಮ್ಮೆ ನನಗೆ ಸ್ವಲ್ಪ ಜಾಸ್ತಿಯೇ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ತೊಂಬತ್ತರ ದಶಕ ಅರ್ಧ ದಾಟುವ ಹೊತ್ತಿಗೆ ಟೈಪಿಂಗ್ ಕಲಿಯಲು ಬರುವವರು ನಿಂತೇ ಹೋದರು. ಆರು ಯಂತ್ರ ಮಾರಿ ಎರಡು ಕಂಪ್ಯೂಟರ್ ತಂದೆ. ಕಲಿಸುವುದಕ್ಕೆ ಜಂಗಮಕೋಟೆಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಬೆಂಗಳೂರಿನಲ್ಲಿ ಡಿಪ್ಲೊಮಾ ಮಾಡಿದವಳು, ರೇಷ್ಮೆ ಬೆಳೆಯುವವರ ಮನೆ. ವಯಸ್ಸಿನಲ್ಲಿ ನನ್ನ ಮಗಳಷ್ಟು. ಆದರೆ ಪಾಠ ಹೇಳುವವಳಾದ್ದರಿಂದ ಎಲ್ಲರಿಗೂ ಮೇಡಂ, ನನಗೂ ಮೇಡಂ.

ಆ ಮೇಡಂಗೆ ಆಗ ಮದುವೆಯ ಮಾತು ನಡೆದು ನಿಂತುಹೋಗಿತ್ತು. ಹುಡುಗ ಗೌರಿಬಿದನೂರಿನವನು, ನಮ್ಮೂರಲ್ಲಿ ಟೆಲಿಫೋನ್ ಮೆಕ್ಯಾನಿಕ್. ಮನೆತನ ಸರಿ, ಕೆಲಸ ಸರಿ, ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದ್ದೂ ಸರಿ. ಜಾತಕ ಮಾತ್ರ ಕೂಡಲಿಲ್ಲ. ಸಾಲಾವಳಿ ಅಂದರೆ ಒಟ್ಟು ಮೂವತ್ತಾರು ಗುಣ, ಅದರಲ್ಲಿ ಹದಿನೆಂಟಾದರೂ ಬರಬೇಕು. ಶಿಡ್ಲಘಟ್ಟದಲ್ಲಿ ತೋರಿಸಿದಾಗ ಹದಿನಾರೂವರೆ ಬಂತು. ಮೇಡಂ ಅಪ್ಪ ನೆಂಟರನ್ನೆಲ್ಲ ಕೂರಿಸಿಕೊಂಡು, "ಹದಿನೆಂಟು ಬಂದ್ರೆ ಕೊಡ್ತೀನಿ, ಇಲ್ಲಾಂದ್ರೆ ಇಲ್ಲ" ಅಂದುಬಿಟ್ಟಿದ್ದರು. ಅವರು ಒಂದು ಮಾತು ಆಡಿದರೆ ತಿರುಗಿ ನೋಡುವವರಲ್ಲ ಎಂದು ಜಂಗಮಕೋಟೆಯಲ್ಲಿ ಹೆಸರು. ಒಂದೂವರೆ ಗುಣಕ್ಕೆ ಮದುವೆ ನಿಂತಿತ್ತು, ಹುಡುಗಿ ಮಧ್ಯಾಹ್ನ ತಂದ ಡಬ್ಬಿಯನ್ನು ತೆರೆಯದೆ ವಾಪಸ್ ಒಯ್ಯುತ್ತಿದ್ದಳು.

ಈ ಹೊತ್ತಿಗೆ ಸರಿಯಾಗಿ ಜೋಯಿಸರು ಬಂದರು.

ಒಂದು ಕೋಟಿ

ಜೋಯಿಸರು ಚಿಂತಾಮಣಿ ಕಡೆಯವರು, ನಮ್ಮ ಪಕ್ಕದ ಬೀದಿಯಲ್ಲಿ ವಾಸ. ಕನ್ನಡ ಅರ್ಧ ತೆಲುಗು ಅರ್ಧ, ಎರಡರಲ್ಲೂ ನಿಧಾನ. ನಾಲ್ಕು ತಾಲ್ಲೂಕಿನಿಂದ ಜನ ಸಾಲಾವಳಿಗೆ ಅವರ ಹತ್ತಿರ ಬರುತ್ತಿದ್ದರು. "ಕಣ್ಣು ಮಂಜಾಗ್ತಾ ಇದೆ ಮೇಷ್ಟ್ರೇ. ನನ್ನ ಪಟ್ಟಿಗಳನ್ನೆಲ್ಲ ನಿಮ್ಮ ಪೆಟ್ಟಿಗೆಗೆ ಹಾಕಿಬಿಡಿ. ಎರಡು ನಕ್ಷತ್ರ ಒತ್ತಿದ್ರೆ ಗುಣ ಎಷ್ಟು ಅಂತ ಅದೇ ಹೇಳ್ಬಿಡ್ಲಿ" ಅಂದರು.

"ಆಗತ್ತೆ ಸ್ವಾಮಿ" ಎಂದು ನಾನು ಬಾಯಿ ಬಿಡುವ ಮೊದಲೇ ಮೇಡಂ ಹೇಳಿದ್ದಳು. ಆಮೇಲೆ ನನಗೆ ವಿವರಿಸಿದಳು. ಇಂಟರ್ನೆಟ್ ನೋಡುವ ಬ್ರೌಸರ್ ಇದೆಯಲ್ಲ, ಅದರಲ್ಲಿ ತೆರೆಯುವ ಹಾಗೆ ಒಂದು ಪುಟ ಬರೆಯುವುದು. ಪುಟದ ಒಳಗೆ ಸ್ಕ್ರಿಪ್ಟ್ ಅಂತ ನಾಲ್ಕು ಸಾಲು ಅಪ್ಪಣೆ ಬರೆದಿಟ್ಟರೆ ಲೆಕ್ಕವನ್ನು ಬ್ರೌಸರೇ ಮಾಡುತ್ತದೆ. ಫೋನ್ ಲೈನ್ ಕೂಡ ಬೇಡ. ಇದೊಂದು ಒಳ್ಳೆಯದಾಯಿತು, ಯಾಕೆಂದರೆ ನಮ್ಮ ಲೈನ್ ಪ್ರತಿ ಗುರುವಾರ ತಪ್ಪದೆ ಕೆಡುತ್ತಿತ್ತು. ಮೆಕ್ಯಾನಿಕ್ ಬಂದು ಸರಿ ಮಾಡಿ ಹೋಗುತ್ತಿದ್ದ. ಗುರುವಾರವೇ ಯಾಕೆ ಎಂದು ನಾನು ತುಂಬ ತಲೆ ಕೆಡಿಸಿಕೊಂಡಿದ್ದೆ.

ಸಾಲಾವಳಿಯಲ್ಲಿ ಎಂಟು ಕೂಟ. ಮೊದಲನೆಯದಕ್ಕೆ ಹೆಚ್ಚೆಂದರೆ ಒಂದು ಗುಣ, ಎರಡನೆಯದಕ್ಕೆ ಎರಡು, ಹೀಗೇ ಎಂಟನೆಯದಕ್ಕೆ ಎಂಟು. ಎಲ್ಲ ಕೂಡಿದರೆ ಮೂವತ್ತಾರು. ಜೋಯಿಸರ ಪಟ್ಟಿಗಳನ್ನು ಟೈಪ್ ಮಾಡಿದ್ದು ನಾನು. ಹದಿನೈದು ವರ್ಷ ಟೈಪಿಂಗ್ ಕಲಿಸಿದ ಕೈ, ಅಂದಚೆಂದ ಇರಲಿ ಎಂದು ಪ್ರತಿ ಅಂಕಿಯ ಎರಡೂ ಪಕ್ಕದಲ್ಲಿ ಉದ್ಧರಣ ಚಿಹ್ನೆ ಹಾಕಿದೆ.

ಮೊದಲ ಪರೀಕ್ಷೆಗೆ ಜೋಯಿಸರು ತಮ್ಮದೂ ತಮ್ಮ ಹೆಂಡತಿಯದೂ ನಕ್ಷತ್ರ ಕೊಟ್ಟರು. ಗುಂಡಿ ಒತ್ತಿದೆ. ಪರದೆಯ ಮೇಲೆ ಬಂದ ಅಂಕಿಯನ್ನು ನಾನು ಬಿಡಿ, ಹತ್ತು, ನೂರು ಎಂದು ಬೆರಳಿಟ್ಟು ಓದಬೇಕಾಯಿತು. ಒಂದು ಕೋಟಿ ಇಪ್ಪತ್ಮೂರು ಲಕ್ಷದ ಐದು ಸಾವಿರದ ಆರುನೂರ ಎಂಟು.

ಮೇಡಂ ತಕ್ಷಣ ಹಿಡಿದಳು. ಚಿಹ್ನೆಯ ಒಳಗೆ ಇದ್ದರೆ ಅದು ಕಂಪ್ಯೂಟರಿಗೆ ಅಂಕಿಯಲ್ಲ, ಅಕ್ಷರ. ಅಕ್ಷರಗಳನ್ನು ಕೂಡು ಅಂದರೆ ಅದು ಪಕ್ಕಪಕ್ಕದಲ್ಲಿ ಜೋಡಿಸುತ್ತದೆ. ಒಂದು, ಎರಡು, ಮೂರು, ಸೊನ್ನೆ, ಐದು, ಆರು, ಸೊನ್ನೆ, ಎಂಟು. ಕೂಡಿದರೆ ಇಪ್ಪತ್ತೈದು, ಜೋಡಿಸಿದರೆ ಕೋಟಿ. ತಪ್ಪು ನನ್ನದೇ. ಕೆಂಪು ಪೆನ್ಸಿಲ್ ಜೇಬಿನಲ್ಲಿ ಚುಚ್ಚಿದ ಹಾಗಾಯಿತು.

ಜೋಯಿಸರು ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ಪರದೆಯನ್ನು ಬಹಳ ಹೊತ್ತು ನೋಡಿದರು. "ನಲವತ್ತು ವರ್ಷ ಸಂಸಾರ ಮಾಡಿದೀನಿ ಮೇಷ್ಟ್ರೇ. ಇಷ್ಟೊಂದು ಹೊಂದಾಣಿಕೆ ಇದ್ದಿದ್ರೆ ಇಬ್ರಲ್ಲಿ ಒಬ್ರಿಗಾದ್ರೂ ಗೊತ್ತಾಗ್ತಿತ್ತು."

ನೂರೆಂಟು

ಲೆಕ್ಕ ಸರಿಹೋಯಿತು. ಆಗ ಜೋಯಿಸರು, ಪುಟ ತೆರೆದ ಕೂಡಲೇ ಮೊದಲು ಗಣೇಶನಿಗೆ ನಮಸ್ಕಾರ ಬರಬೇಕು ಅಂದರು. ಇಷ್ಟಕ್ಕೆ ಮೇಡಂ ಯಾಕೆ ಎಂದು ಆ ಸಾಲನ್ನು ನಾನೇ ಬರೆದೆ. ಪುಟ ಕಣ್ಣೆದುರು ಬಂದಾಗಲೆಲ್ಲ ಒಂದು ಸಣ್ಣ ಚೌಕದಲ್ಲಿ ನಮಸ್ಕಾರ ತೋರಿಸು ಎಂದು. ಚೌಕದ ಕೆಳಗೆ ಒಂದು ಓಕೆ ಗುಂಡಿ. ಅದನ್ನು ಒತ್ತಿದರೆ ಚೌಕ ಹೋಗುತ್ತದೆ, ಪುಟ ಮತ್ತೆ ಕಣ್ಣೆದುರು ಬರುತ್ತದೆ. ಪುಟ ಕಣ್ಣೆದುರು ಬಂದದ್ದರಿಂದ ಮತ್ತೆ ಚೌಕ. ಇದು ನನಗೆ ಬರೆಯುವಾಗ ಹೊಳೆಯಲಿಲ್ಲ.

ಅವತ್ತು ಮೇಡಂ ರಜೆ. ಜೋಯಿಸರು ಕಳಿಸಿದರೆಂದು ಪೆರೇಸಂದ್ರದಿಂದ ಒಬ್ಬ ಅಜ್ಜಿ ಮೊಮ್ಮಗಳ ಸಾಲಾವಳಿಗೆ ನಮ್ಮಲ್ಲಿಗೆ ಬಂದಿದ್ದರು. ಮಡಿ ಹೆಂಗಸು, ಕೈಯಲ್ಲಿ ತುಳಸಿ ಮಣಿ. ಕುರ್ಚಿ ಮೇಲೆ ಕೂರಿಸಿ, ಮೌಸನ್ನು ಕೈಗಿಟ್ಟು, "ಇಲ್ಲಿ ಒತ್ತಿ ಅಜ್ಜಿ" ಅಂದೆ.

"ಏನು ಬರ್ದಿದೆಯಪ್ಪ ಅದ್ರಲ್ಲಿ?"

"ಗಣೇಶನಿಗೆ ನಮಸ್ಕಾರ ಅಂತ."

ಅಜ್ಜಿ ಕಣ್ಣು ಮುಚ್ಚಿ ನಮಸ್ಕಾರ ಮಾಡಿ ಒತ್ತಿದರು. ಚೌಕ ಹೋಯಿತು, ಬಂತು. ಮತ್ತೆ ನಮಸ್ಕಾರ, ಮತ್ತೆ ಒತ್ತು. ಐದಾರು ಸಲ ಆದ ಮೇಲೆ ನನಗೆ ಬೆವರು ಬಂತು. ಅದನ್ನು ನಿಲ್ಲಿಸುವುದು ಹೇಗೆ ಎಂದು ಗೊತ್ತಿರಲಿಲ್ಲ. ಪುಟ ಮುಚ್ಚಲು ಹೋದರೆ, ಮೊದಲು ನನಗೆ ಉತ್ತರ ಕೊಡು ಎಂದು ಚೌಕ ಅಡ್ಡ ನಿಲ್ಲುತ್ತಿತ್ತು. "ಸಾಕು ಬಿಡಿ ಅಜ್ಜಿ" ಅಂದೆ. ಅವರಿಗೆ ಕೇಳಿಸಲಿಲ್ಲ. ಎಡಗೈಯಲ್ಲಿ ಮಣಿ ಸರಿಯುತ್ತಿತ್ತು, ಬಲಗೈಯಲ್ಲಿ ಮೌಸ್ ಟಕ್ ಟಕ್ ಅನ್ನುತ್ತಿತ್ತು. ನಾನು ಇನ್ನೊಂದು ಕಂಪ್ಯೂಟರಿನಲ್ಲಿ ಆ ಸಾಲನ್ನು ತಿದ್ದಲು ಕೂತೆ.

ತಿದ್ದಿ ಮುಗಿಸಿ ತಿರುಗಿದರೆ ಅಜ್ಜಿ ಎದ್ದು ಸೆರಗು ಸರಿ ಮಾಡಿಕೊಳ್ಳುತ್ತಿದ್ದರು. ಮುಖದಲ್ಲಿ ತುಂಬ ನೆಮ್ಮದಿ. "ನೂರೆಂಟು ಆಯ್ತು ಕಣಪ್ಪ" ಅಂದರು.

"ಅಜ್ಜಿ, ಸಾಲಾವಳಿ ಇನ್ನೂ ನೋಡೇ ಇಲ್ವಲ್ಲ."

"ಇಷ್ಟು ಮಾಡಿದ್ಮೇಲೆ ಇನ್ನೇನು ನೋಡೋದು" ಎಂದು ಮೆಟ್ಟಿಲಿಳಿದು ಹೋದರು.

ಎಂಟು, ಒಂಬತ್ತು

ಪುಟದಲ್ಲಿ ಹುಡುಗ ಹುಡುಗಿಯ ಹುಟ್ಟಿದ ತಾರೀಕನ್ನೂ ತುಂಬಬೇಕಿತ್ತು. ಎರಡು ಅಂಕಿ ಇರಲೇಬೇಕು, ಐದನೇ ತಾರೀಕಾದರೆ ಸೊನ್ನೆ ಐದು ಎಂದು ಬರೆಯಬೇಕು ಎಂಬುದು ನನ್ನ ಕಟ್ಟಪ್ಪಣೆ. ಸಾಲು ನೇರವಾಗಿ ಕಾಣಬೇಕಲ್ಲ.

ಒಂದು ದಿನ ಚಿಂತಾಮಣಿಯಿಂದ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. ಮಗ ಹುಟ್ಟಿದ್ದು ಒಂಬತ್ತನೇ ತಿಂಗಳ ಎಂಟನೇ ತಾರೀಕು. ತುಂಬಿ ಒತ್ತಿದರೆ, ಹುಟ್ಟಿದ ದಿನ ಸೊನ್ನೆ, ಹುಟ್ಟಿದ ತಿಂಗಳು ಸೊನ್ನೆ ಎಂದು ಬಂತು. ಇನ್ನೊಮ್ಮೆ ಮಾಡಿದೆ. ಸೊನ್ನೆ. ಏಳು ಹಾಕಿದರೆ ಏಳು ಬರುತ್ತದೆ, ಹತ್ತು ಹಾಕಿದರೆ ಹತ್ತು. ಎಂಟಕ್ಕೂ ಒಂಬತ್ತಕ್ಕೂ ಮಾತ್ರ ಸೊನ್ನೆ.

ತಾಯಿ ಮಗನ ಕಡೆ ತಿರುಗಿ, "ನೀನು ಹುಟ್ಟಿದ್ದೂ ಒಂದೇ ಹುಟ್ಟದಿದ್ದರೂ ಒಂದೇ ಅಂತ ನಿಮ್ಮಪ್ಪ ದಿನಾ ಅಂತಾರೆ. ಇದೂ ಹಂಗೇ ಅಂತದಲ್ಲೋ" ಅಂದರು.

ಜೋಯಿಸರಿಗೆ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. "ಎಂಟು ಶನಿದು, ಒಂಬತ್ತು ಕುಜಂದು. ಇಬ್ರೂ ತಡೀತಾ ಇದಾರೆ" ಅಂದರು. ಅವತ್ತಿನಿಂದ ಎಂಟು, ಒಂಬತ್ತರಲ್ಲಿ ಹುಟ್ಟಿದವರು ಬಂದರೆ, ಮೊದಲು ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿ ಬನ್ನಿ ಎಂದು ಕಳಿಸತೊಡಗಿದರು. ಮೂರು ವಾರದಲ್ಲಿ ಒಂಬತ್ತು ಜನ ದೀಪ ಹಚ್ಚಿದರು.

ಮೇಡಂ ಈ ಮಧ್ಯೆ ಬೆಂಗಳೂರಿಗೆ ಹೋಗಿ ತನ್ನ ಹಳೆಯ ಮೇಷ್ಟ್ರನ್ನು ಕೇಳಿಕೊಂಡು ಬಂದಳು. ಅಂಕಿಗೆ ಮೊದಲು ಸೊನ್ನೆ ಇದ್ದರೆ ಬ್ರೌಸರ್ ಅದನ್ನು ನಮ್ಮ ಹತ್ತರ ಲೆಕ್ಕದಲ್ಲಿ ಓದುವುದಿಲ್ಲವಂತೆ, ಎಂಟರ ಲೆಕ್ಕದಲ್ಲಿ ಓದುತ್ತದಂತೆ. ಆ ಲೆಕ್ಕದಲ್ಲಿ ಏಳರ ಮೇಲೆ ಅಂಕಿಯೇ ಇಲ್ಲ. ಇದಕ್ಕೂ ಕಾರಣ ನನ್ನ ಸೊನ್ನೆಯ ಕಟ್ಟಪ್ಪಣೆಯೇ. ಇದು ಹತ್ತರ ಲೆಕ್ಕ ಎಂದು ಸ್ಕ್ರಿಪ್ಟಿನಲ್ಲಿ ಒಂದು ಮಾತು ಸೇರಿಸಿದಳು, ಅಷ್ಟೇ.

ಜೋಯಿಸರನ್ನು ಕರೆಸಿ, ಎಂಟು ಒತ್ತಿ ಎಂಟು ಬಂದದ್ದನ್ನೂ ಒಂಬತ್ತು ಒತ್ತಿ ಒಂಬತ್ತು ಬಂದದ್ದನ್ನೂ ತೋರಿಸಿದೆ. ಮೇಡಂ ಹೇಳಿದ ಕಾರಣವನ್ನೆಲ್ಲ ಅವರು ತಾಳ್ಮೆಯಿಂದ ಕೇಳಿದರು.

"ಮಂಚಿದಿ, ಒಳ್ಳೇದೇ ಆಯ್ತು" ಅಂದರು. "ಒಂಬತ್ತು ದೀಪಕ್ಕೆ ಸರಿಹೋಗತ್ತೆ ಅಂತ ನಾನೂ ಅಂದ್ಕೊಂಡಿದ್ದೆ."

ಕರೆಂಟು ಹೋದಾಗ

ನಮ್ಮ ಎರಡು ಕಂಪ್ಯೂಟರಿನಲ್ಲಿ ಕಿಟಕಿ ಪಕ್ಕದ್ದಕ್ಕೆ ಒಳಗಿನ ಸಣ್ಣ ಬ್ಯಾಟರಿ ಸತ್ತಿತ್ತು. ಕರೆಂಟು ಹೋಗಿ ಬಂದರೆ ಅದು ತಾರೀಕು ಮರೆತು ಸಾವಿರದ ಒಂಬೈನೂರ ಎಂಬತ್ತಕ್ಕೆ ಹೋಗಿ ಕೂರುತ್ತಿತ್ತು. ಆಗ ದಿನಕ್ಕೆ ಎರಡು ಮೂರು ಸಲ ಕರೆಂಟು ಹೋಗುತ್ತಿತ್ತು. ಕಂಪ್ಯೂಟರ್ ಹೇಳುವ ಇಸವಿಯಲ್ಲಿ ಹುಟ್ಟಿದ ಇಸವಿ ಕಳೆದು ನಮ್ಮ ಸ್ಕ್ರಿಪ್ಟ್ ವಯಸ್ಸು ಹೇಳುತ್ತಿತ್ತು.

ಒಂದು ಮಧ್ಯಾಹ್ನ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು ಬಂದರು. ಮದುವೆಯಾಗಿರಲಿಲ್ಲ. ಎರಡು ಕಡೆ ಕೂದಲು ಹಿಂದೆ ಸರಿದಿತ್ತು. ತಂಗಿಯರ ಮದುವೆ ಮಾಡುವಷ್ಟರಲ್ಲಿ ತಮ್ಮದು ಉಳಿದುಹೋಯಿತು ಎಂದು ಹೇಳಿಕೊಂಡರು. ಆಗಷ್ಟೇ ಕರೆಂಟು ಬಂದಿತ್ತು, ತಾರೀಕು ತಿದ್ದುವುದನ್ನು ನಾನು ಮರೆತಿದ್ದೆ. ಹುಟ್ಟಿದ್ದು ಅರವತ್ತೊಂದರಲ್ಲಿ ಎಂದು ತುಂಬಿ ಒತ್ತಿದರೆ, ವರನ ವಯಸ್ಸು ಹತ್ತೊಂಬತ್ತು ಎಂದು ಬಂತು.

"ಕ್ಷಮಿಸಿ, ತಾರೀಕು ತಪ್ಪಿದೆ. ಒಂದು ನಿಮಿಷ, ಸರಿ ಮಾಡ್ತೀನಿ" ಅಂದೆ.

ರೈಟರ್ ನನ್ನ ಕೈ ಹಿಡಿದರು. "ಇರ್ಲಿ ಬಿಡಿ ಸಾರ್. ಹಂಗೇ ಒಂದು ಪ್ರಿಂಟ್ ಕೊಡಿ."

"ತಪ್ಪು ಇರೋ ಹಾಳೇನ ನಾನು ಹೊರಗೆ ಬಿಡಲ್ಲ" ಎಂದು ನಾನು ನನ್ನ ಎಂದಿನ ಗತ್ತಿನಲ್ಲಿ ತಾರೀಕು ತಿದ್ದಿ, ಮೂವತ್ತೇಳು ಎಂದು ಪ್ರಿಂಟ್ ಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಮೆಟ್ಟಿಲವರೆಗೆ ಹೋದರು, ಏನೋ ನೆನಪಾದ ಹಾಗೆ ತಿರುಗಿ ಬಂದರು. ಮೇಡಂಗೆ ಕೇಳಿಸದ ಹಾಗೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಮುಂದಿನ ವಾರ ಕರೆಂಟು ಎಷ್ಟು ಗಂಟೆಗೆ ಹೋಗತ್ತೆ ಸಾರ್?"

ಇಪ್ಪತ್ತೆಂಟು

ಪುಟಕ್ಕೆ ಒಳ್ಳೆಯ ಹೆಸರು ಬಂತು. ಚಿಕ್ಕಬಳ್ಳಾಪುರದಲ್ಲಿ ತಪ್ಪೇ ಮಾಡದ ಸಾಲಾವಳಿ ಇದೆಯಂತೆ ಎಂದು ಜನ ಮಾತಾಡಿಕೊಳ್ಳತೊಡಗಿದರು. ಹೀಗೆ ಮಾತಾಡಿಕೊಳ್ಳಲಿ ಎಂದು ನಾನೇ ಅಲ್ಲಲ್ಲಿ ಹೇಳಿಯೂ ಇದ್ದೆ. ಅದು ಜಂಗಮಕೋಟೆಗೂ ಮುಟ್ಟಿತು. ಮೇಡಂ ಅಪ್ಪ ಜೋಯಿಸರಿಗೆ ಹೇಳಿ ಕಳಿಸಿದರು. ಸೋಮವಾರ ಬರ್ತೀವಿ, ಹುಡುಗನ ಕಡೆಯವರನ್ನೂ ಕರೀರಿ, ಎಲ್ಲರ ಎದುರಿಗೆ ಒಂದ್ಸಲ ನೋಡ್ಬಿಡಣ, ಹದಿನೆಂಟು ಬಂದ್ರೆ ಆಯ್ತು, ಬರಲಿಲ್ಲಾಂದ್ರೆ ಇನ್ನು ಆ ಮಾತೇ ಬೇಡ ಎಂದು.

ಮೇಡಂ ಕೆಳಗೆ ಹೋದಾಗ ನಾನು ಮೆಲ್ಲಗೆ ಪುಟ ತೆರೆದು ಅವಳ ನಕ್ಷತ್ರ ಪುಬ್ಬ, ಹುಡುಗನದು ಶ್ರವಣ ಎಂದು ಆರಿಸಿ ಒತ್ತಿದೆ. ಇಪ್ಪತ್ತೆಂಟು ಬಂತು. ಖುಷಿಗೆ ಎದ್ದು ನಿಂತುಬಿಟ್ಟೆ. ಶಿಡ್ಲಘಟ್ಟದಲ್ಲಿ ನೋಡಿದವರು ಎಲ್ಲೋ ತಪ್ಪಿದ್ದಾರೆ, ನಮ್ಮ ಪುಟ ಸರಿ ಹೇಳುತ್ತಿದೆ ಅಂದುಕೊಂಡೆ. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನನ್ನ ಹಾಳು ಅಭ್ಯಾಸ, ಹೊರಗೆ ಹೋಗುವ ಹಾಳೆಯನ್ನು ಒಂದು ಸಲ ಕೈಯಲ್ಲಿ ತಾಳೆ ನೋಡದೆ ಬಿಡುವುದಿಲ್ಲ. ಜೋಯಿಸರ ಪಟ್ಟಿ ಹಿಡಿದು ಕೂಡಿದೆ. ಹದಿನಾರೂವರೆ.

ಇನ್ನೊಮ್ಮೆ ಕೂಡಿದೆ. ಹದಿನಾರೂವರೆಯೇ. ಪುಬ್ಬದ ಜೊತೆ ಬೇರೆ ಇಪ್ಪತ್ತಾರು ನಕ್ಷತ್ರವನ್ನೂ ಒಂದೊಂದಾಗಿ ಹಾಕಿದೆ, ಎಲ್ಲ ಸರಿ. ಶ್ರವಣದ ಜೊತೆ ಬೇರೆಯವನ್ನು ಹಾಕಿದೆ, ಅವೂ ಸರಿ. ಈ ಎರಡು ಸೇರಿದರೆ ಮಾತ್ರ ಇಪ್ಪತ್ತೆಂಟು. ಬ್ರೌಸರ್ ಬದಲಾಯಿಸಿದೆ, ಇಪ್ಪತ್ತೆಂಟು. ಕಿಟಕಿ ಪಕ್ಕದ ಕಂಪ್ಯೂಟರಿಗೆ ಹೋದೆ, ಇಪ್ಪತ್ತೆಂಟು. ತಾರೀಕನ್ನು ಎಂಬತ್ತಕ್ಕೆ ಇಳಿಸಿದೆ, ವಯಸ್ಸು ಇಳಿಯಿತೇ ಹೊರತು ಇಪ್ಪತ್ತೆಂಟು ಅಲ್ಲಾಡಲಿಲ್ಲ. ಎರಡು ದಿನ ಹುಡುಕಿದೆ. ಮೇಡಂನ ಕೇಳಿದರೆ, "ಏನೋ ಗೊತ್ತಿಲ್ಲ ಸಾರ್, ಒಂದೊಂದ್ಸಲ ಹಂಗಾಗತ್ತೆ" ಎಂದು ಮುಖ ತಿರುಗಿಸಿದಳು. ಬೇರೆ ತಪ್ಪುಗಳನ್ನೆಲ್ಲ ಬೆಂಗಳೂರಿಗೆ ಹೋಗಿಯಾದರೂ ಹಿಡಿಯುವವಳಿಗೆ ಇದೊಂದು ಸಿಗುತ್ತಿಲ್ಲವಲ್ಲ ಅಂದುಕೊಂಡೆ.

ಶನಿವಾರ ಕಡೆಗೆ ಇಡೀ ಸ್ಕ್ರಿಪ್ಟನ್ನು ಪ್ರಿಂಟ್ ತೆಗೆದೆ. ಪರದೆಯ ಮೇಲೆ ಎಷ್ಟು ಓದಿದರೂ ನನಗೆ ತೃಪ್ತಿಯಿಲ್ಲ, ಹಾಳೆ ಬೇಕು, ಕೈಯಲ್ಲಿ ಕೆಂಪು ಪೆನ್ಸಿಲ್ ಬೇಕು. ಮೂರನೇ ಹಾಳೆಯಲ್ಲಿ ಪರದೆಯ ಮೇಲೆ ನಾನು ಯಾವತ್ತೂ ನೋಡಿರದ ಒಂದು ಸಾಲು ಇತ್ತು. ಹುಡುಗಿ ಹನ್ನೊಂದನೇ ನಕ್ಷತ್ರ, ಹುಡುಗ ಇಪ್ಪತ್ತೆರಡನೇ ನಕ್ಷತ್ರ ಆದರೆ, ಒಟ್ಟು ಗುಣ ಇಪ್ಪತ್ತೆಂಟು. ಪುಬ್ಬ ಹನ್ನೊಂದನೆಯದು, ಶ್ರವಣ ಇಪ್ಪತ್ತೆರಡನೆಯದು. ಪರದೆಯಲ್ಲಿ ಯಾಕೆ ಕಾಣಲಿಲ್ಲ ಎಂದು ಹೋಗಿ ನೋಡಿದೆ. ಇನ್ನೂರು ಸ್ಪೇಸ್ ಒತ್ತಿ, ಬಲಗಡೆಯ ಅಂಚು ದಾಟಿ, ಆಚೆಗೆ ಬರೆದಿಟ್ಟಿತ್ತು. ಪರದೆ ತೋರಿಸಲಿಲ್ಲ, ಪ್ರಿಂಟರ್ ಮಡಿಸಿ ಕೆಳಗಿನ ಸಾಲಿಗೆ ತಂದು ಹಾಕಿತ್ತು. ನನ್ನ ಇನ್‌ಸ್ಟಿಟ್ಯೂಟಿನಲ್ಲಿ ಇಷ್ಟು ದೂರ ಮಾರ್ಜಿನ್ ದಾಟಿದವರು ಇನ್ನೊಬ್ಬರಿಲ್ಲ.

ಹಾಳೆಯನ್ನು ಮೇಡಂ ಮುಂದೆ ಇಟ್ಟೆ.

"ನಾನೇ ಸಾರ್" ಅಂದಳು. "ಗುರುವಾರದ ಲೈನೂ ನಾನೇ. ಅವರಿಗೆ ಈ ಬೀದಿ ಡ್ಯೂಟಿ ಗುರುವಾರ. ವೈರ್ ಕಿತ್ತಿಡ್ತಿದ್ದೆ."

ಎರಡು ವರ್ಷದ ನನ್ನ ತಲೆಬಿಸಿಗಳೆಲ್ಲ ಒಟ್ಟಿಗೆ ಬಗೆಹರಿದಿದ್ದವು.

"ಬೇಕಾದ್ರೆ ಅಳಿಸ್ಬಿಡಿ ಸಾರ್. ನಿಮ್ಮ ಹೆಸರು ಕೆಡೋದು ಬೇಡ" ಎಂದು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು. ಅಳುತ್ತಿದ್ದಳೋ ಏನೋ, ನೋಡುವ ಧೈರ್ಯ ನನಗಾಗಲಿಲ್ಲ. ಪೆನ್ಸಿಲ್ ತೆಗೆದೆ. ಆ ಸಾಲಿಗೆ ಸುತ್ತು ಹಾಕಬೇಕು, ಹಾಕಲೇಬೇಕು. ತಪ್ಪು ಅಂದರೆ ತಪ್ಪು ಎಂದು ಹದಿನೈದು ವರ್ಷ ಹೇಳಿಕೊಟ್ಟವನು ನಾನು. ಪೆನ್ಸಿಲ್ಲಿನ ತುದಿ ಹಾಳೆಗೆ ತಾಗಿತು. ಕೈ ಮುಂದಕ್ಕೆ ಹೋಗಲಿಲ್ಲ.

ಹದಿನೆಂಟೂವರೆ

ಪುಟದ ಮೇಲೆ ಹೆಸರಿದ್ದದ್ದು ಜೋಯಿಸರದು. ಅವರಿಗೆ ಹೇಳದೆ ಅಳಿಸುವುದೂ ತಪ್ಪು, ಹೇಳದೆ ಉಳಿಸುವುದೂ ತಪ್ಪು. ಭಾನುವಾರ ಬೆಳಿಗ್ಗೆ ಮೇಡಂನ ಕರೆದುಕೊಂಡು ಅವರ ಮನೆಗೆ ಹೋದೆ. ಹಾಳೆಯನ್ನು ಮುಂದಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೇಡಂ ತಲೆ ತಗ್ಗಿಸಿ ಕಂಬದ ಪಕ್ಕ ನಿಂತಿದ್ದಳು.

ಜೋಯಿಸರು ಕನ್ನಡಕ ಹಾಕಿಕೊಂಡು, ನಾನು ಬೆರಳಿಟ್ಟ ಸಾಲನ್ನು ನೋಡಿದರು. ಇಂಗ್ಲಿಷ್ ಬಾರದಿದ್ದರೂ ಅಂಕಿ ಗೊತ್ತಾಗುತ್ತದಲ್ಲ. ಅವರ ಮುಖ ಗಂಟಿಕ್ಕಿತು. ಇಷ್ಟು ದಿನದಲ್ಲಿ ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ.

"ಇಪ್ಪತ್ತೆಂಟು ಅಂತ ಬರ್ದಿದ್ದು ನೀನೇನಮ್ಮ?"

"ಹೂಂ ಸ್ವಾಮಿ."

"ಇಷ್ಟು ಓದಿದೀಯ, ಬುದ್ಧಿ ಬೇಡವಾ?" ಹಾಳೆಯನ್ನು ಕೆಳಗಿಟ್ಟರು. "ನನ್ನ ನಲವತ್ತು ವರ್ಷದಲ್ಲಿ ಇಪ್ಪತ್ತೆಂಟು ಬಂದಿದ್ದು ಎರಡೇ ಜೋಡಿಗೆ. ಎರಡೂ ಕೋರ್ಟಲ್ಲಿವೆ. ನಿಮ್ಮಪ್ಪಂಗೂ ಅದು ಗೊತ್ತು, ನಂಬ್ತಾರಾ?"

ಮೇಡಂ ತಲೆಯೆತ್ತಿದಳು. ನಾನೂ ಎತ್ತಿದೆ.

"ಹದಿನೆಂಟೂವರೆ ಹಾಕು" ಅಂದರು ಜೋಯಿಸರು. "ಅರ್ಧ ಇದ್ರೇನೇ ಲೆಕ್ಕ ಮಾಡಿ ತೆಗೆದ ಹಾಗೆ ಕಾಣೋದು."

"ಸ್ವಾಮಿ, ಇರೋದು ಹದಿನಾರೂವರೆ" ಅಂದೆ ನಾನು. ಅಭ್ಯಾಸ ಬಿಡಬೇಕಲ್ಲ.

"ನಂಗೆ ಗೊತ್ತಿಲ್ವಾ? ಹುಡುಗ ಮೊದಲೇ ನನ್ನ ಹತ್ರ ಬಂದಿದ್ದ. ನಮ್ಮನೆಗೆ ಫೋನೇ ಇಲ್ಲ, ಆದ್ರೂ ಲೈನ್ ನೋಡ್ತೀನಿ ಅಂತ ಮೂರು ಸಲ ಬಂದ. ಇಂಥವನನ್ನ ಬಿಟ್ರೆ ಇವಳಿಗೆ ಬೇರೆ ಯಾರು ಸಿಗ್ತಾರೆ" ಎಂದು ಒಳಗೆ ತಿರುಗಿ ಕಾಫಿಗೆ ಹೇಳಿದರು.

ಸೋಮವಾರ ಹತ್ತು ಗಂಟೆಗೆ ಇನ್‌ಸ್ಟಿಟ್ಯೂಟ್ ತುಂಬಿಹೋಯಿತು. ಗೌರಿಬಿದನೂರಿನವರು ಐದು ಜನ, ಜಂಗಮಕೋಟೆಯವರು ಏಳು ಜನ. ಮೆಕ್ಯಾನಿಕ್ ಹುಡುಗ ಬಿಳಿ ಶರ್ಟು ಹಾಕಿಕೊಂಡು ಬಂದು ಅಭ್ಯಾಸಬಲದಿಂದ ಫೋನ್ ಎತ್ತಿ ಲೈನ್ ಇದೆಯಾ ನೋಡಿದ. ಮೇಡಂ ಅಪ್ಪನಿಗೆ ಕಂಪ್ಯೂಟರ್ ಎದುರಿನ ಕುರ್ಚಿ ಬಿಟ್ಟಿದ್ದೆವು. ಅವರು ಕೂರಲಿಲ್ಲ. "ನಾನು ಇಲ್ಲೇ ಇರ್ತೀನಿ, ನೀವು ನೋಡಿ" ಎಂದು ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತರು. ಯಂತ್ರದ ಭಯ ಇರಬೇಕು ಅಂದುಕೊಂಡೆ.

ಪುಟ ತೆರೆದೆ, ಗಣೇಶನ ನಮಸ್ಕಾರ ಒಂದೇ ಸಲ ಬಂದು ಹೋಯಿತು. ಜೋಯಿಸರು ನಕ್ಷತ್ರ ಹೇಳಿದರು. ನಾನು ಆರಿಸಿದೆ. ಗುಂಡಿ ಒತ್ತಿದೆ. ಹದಿನೆಂಟೂವರೆ ಬಂತು.

"ಹದಿನೆಂಟೂವರೆ" ಎಂದು ಓದಿದೆ. ನನ್ನ ಜೀವನದಲ್ಲಿ ತಪ್ಪನ್ನು ತಪ್ಪು ಎಂದು ಗೊತ್ತಿದ್ದೂ ಗಟ್ಟಿಯಾಗಿ ಓದಿದ್ದು ಅದೊಂದೇ ಸಲ. ಓದಿ ಇಷ್ಟು ಸಂತೋಷವಾದದ್ದೂ ಅದೊಂದೇ ಸಲ.

ಗೌರಿಬಿದನೂರಿನವರು ನಕ್ಕರು. ಯಾರೋ ಸಕ್ಕರೆ ತರಲು ಕೆಳಗಿಳಿದರು. ನಾನು ಪ್ರಿಂಟ್ ತೆಗೆದು ಮೇಡಂ ಅಪ್ಪನಿಗೆ ಕೊಡಲು ಬಾಗಿಲ ಹತ್ತಿರ ಹೋದೆ. ಅವರು ಹಾಳೆಯನ್ನು ಎಡಗೈಯಲ್ಲಿ ತೆಗೆದುಕೊಂಡರು. ಬಲಗೈ ಇನ್ನೂ ಬೆನ್ನ ಹಿಂದೆ ಇತ್ತು. ಆಗ ಕಂಡಿತು, ಅವರು ಒರಗಿ ನಿಂತದ್ದು ನಮ್ಮ ಮೇನ್ ಸ್ವಿಚ್ಚಿನ ಪೆಟ್ಟಿಗೆಗೆ. ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

ಅವರು ಕೈ ಬಿಟ್ಟು, ಬೆವರಿದ ಅಂಗೈಯನ್ನು ಪಂಚೆಗೆ ಒರೆಸಿಕೊಂಡರು. ಸುತ್ತ ಒಮ್ಮೆ ನೋಡಿ, ನನಗಷ್ಟೇ ಕೇಳಿಸುವ ಹಾಗೆ ಹೇಳಿದರು.

"ಹದಿನೆಂಟಕ್ಕೆ ಕಮ್ಮಿ ಅಂತ ನೀವು ಬಾಯ್ಬಿಟ್ಟಿದ್ರೆ ಮೇಷ್ಟ್ರೇ, ಇವತ್ತು ಕರೆಂಟು ಹೋಗ್ಬಿಡ್ತಿತ್ತು."